ಟೈಲರಮ್ಮನ ವೈಪರು

ಬಾನೆಟ್ ಎತ್ತಿ ಕಡ್ಡಿ ಸಿಕ್ಕಿಸಿ ನಿಲ್ಲಿಸಿದ ಮೇಲೂ ಬಲ್ಬಣ್ಣ ಸ್ವಲ್ಪ ಹೊತ್ತು ಇಂಜಿನ್ನನ್ನೇ ನೋಡುತ್ತ ನಿಂತಿದ್ದ. ಬೇರೆ ಯಾರದಾದರೂ ಕಾರಾಗಿದ್ದರೆ ಇಷ್ಟು ಹೊತ್ತಿಗೆ ಅವನ ಕೈ ತಾನಾಗಿಯೇ ಫ್ಯೂಸ್ ಪೆಟ್ಟಿಗೆಯ ಕಡೆಗೆ ಹೋಗಿರುತ್ತಿತ್ತು. ಗಿರಾಕಿ ಪಕ್ಕದಲ್ಲಿ ನಿಂತು ಏನು ಕೇಳಿದರೂ ಹ್ಞೂಂ ಹ್ಞೂಂ ಅನ್ನುತ್ತ ಅವನು ಅರ್ಧ ಕೆಲಸ ಮುಗಿಸಿರುತ್ತಿದ್ದ. ಆದರೆ ಇದು ಸ್ವಂತ ಕಾರು. ಊರಿನವರ ಕಾರುಗಳ ದೀಪ, ಹಾರ್ನು, ವೈಪರುಗಳನ್ನೆಲ್ಲ ರಿಪೇರಿ ಮಾಡಿಕೊಡುವವನ ಕಾರಿನ ವೈಪರೇ ಕೆಟ್ಟು ಎಷ್ಟು ಕಾಲವಾಗಿತ್ತೋ ಅವನಿಗೆ ನೆನಪಿರಲಿಲ್ಲ. ಮಳೆ ಬಂದರೆ ಕಾರು ತೆಗೆಯುತ್ತಿರಲಿಲ್ಲ, ಅಷ್ಟೆ. ಮನೆಯ ಮುಂದಿನ ಈ ತಗಡಿನ ಶೆಡ್ಡಿನಲ್ಲಿ ಬಂದವರ ಕಾರಿಗೆ ಮೊದಲ ಜಾಗ, ತನ್ನದಕ್ಕೆ ಮೂಲೆ. ಈಗ ಆ ಮೂಲೆಯಿಂದ ಅದನ್ನು ತಳ್ಳಿ ಬೆಳಕಿಗೆ ತಂದಿದ್ದಾಯಿತು. ತಳ್ಳುವಾಗ ಹಿಂದೆ ಹೆಂಡತಿಯೂ ಕೈಹಚ್ಚಿದ್ದಳು. ಹಚ್ಚಬೇಡ ಅನ್ನಬೇಕೆಂದುಕೊಂಡು ಅವನು ಅನ್ನಲಿಲ್ಲ. ಜೇಬಿನಿಂದ ಟೆಸ್ಟ್ ಲ್ಯಾಂಪು ತೆಗೆದ. ಎರಡು ವೈರುಗಳ ತುದಿಗೆ ಕಟ್ಟಿದ ಪುಟ್ಟ ಬಲ್ಬು, ಅಷ್ಟೇ ಅದು. ಅದನ್ನು ಯಾವಾಗಲೂ ಜೇಬಿನಲ್ಲಿಟ್ಟುಕೊಂಡು ಓಡಾಡುವುದರಿಂದಲೇ ಅವನಿಗೆ ಬಲ್ಬಣ್ಣ ಎಂಬ ಹೆಸರು ಬಂದದ್ದು. ಒಂದು ವೈರಿನ ಕ್ಲಿಪ್ಪನ್ನು ಕಾರಿನ ಮೈಗೆ ಕಚ್ಚಿಸಿ, ಇನ್ನೊಂದನ್ನು ಬ್ಯಾಟರಿಗೆ ಮುಟ್ಟಿಸಿ ಬಲ್ಬು ಉರಿಯುವುದನ್ನು ನೋಡಿದ. ಬಲ್ಬು ಸರಿಯಾಗಿತ್ತು. ಸರಿಯಿಲ್ಲದ್ದು ತನ್ನೊಳಗೇ ಎಲ್ಲೋ ಇದೆ ಅನ್ನಿಸಿತು.

ಬೆಳಿಗ್ಗೆ ಅವಳು ಟೀ ತಂದಿಟ್ಟು, ಎಂದಿನಂತೆ ಒಳಗೆ ಹೋಗದೆ ಅಲ್ಲೇ ನಿಂತಿದ್ದಳು. "ಕಾರಿನ ವೈಪರ್ ಒಂದು ಸರಿ ಮಾಡಿಕೊಡ್ತೀರಾ? ಮೋಡ ಆಗಿದೆ. ಅಕ್ಕನ ಮನೆಗೆ ಹೋಗಬೇಕು" ಎಂದಳು. ಅವಳ ಅಕ್ಕನ ಮನೆ ಗುಡ್ಡದಾಚೆ. ಅವನು ಪೇಪರಿನಿಂದ ಮುಖ ಎತ್ತದೆ, "ಇವತ್ತು ನನಗೆ ಆಗಲ್ಲ, ಮೂರು ಗಾಡಿ ಬರೋದಿದೆ" ಅಂದ. ಹೀಗೆ ಅನ್ನುವುದು ಅವನಿಗೆ ರೂಢಿ. ಅವಳು ಕರ್ಕೊಂಡು ಹೋಗ್ತೀರಾ ಅನ್ನಬೇಕು, ಇವನು ಆಗಲ್ಲ ಅನ್ನಬೇಕು, ಅವಳು ಒಳಗೆ ಹೋಗಿ ಹೊಲಿಗೆ ಮಷಿನ್ನನ್ನು ಸ್ವಲ್ಪ ಜೋರಾಗಿ ತುಳಿಯಬೇಕು, ಸಂಜೆಗೆ ಇವನೇ ಕರುಣೆ ತೋರಿಸುವವನಂತೆ ಹೊರಡು ಅನ್ನಬೇಕು. ಇವತ್ತು ಅವಳು ಒಳಗೆ ಹೋಗಲಿಲ್ಲ. "ನೀವು ಬರಬೇಕಾಗಿಲ್ಲ. ನಾನೇ ಓಡಿಸ್ಕೊಂಡು ಹೋಗ್ತೀನಿ" ಎಂದಳು. ಗೊತ್ತಿಲ್ಲದವನಂತೆ ಆಶ್ಚರ್ಯಪಡಬೇಕೋ, ಗೊತ್ತಿದ್ದವನಂತೆ ಸುಮ್ಮನಿರಬೇಕೋ ಎಂದು ತಿಳಿಯದೆ ಅವನು ಪೇಪರಿನ ಪುಟ ತಿರುಗಿಸಿದ. ಯಾಕೆಂದರೆ ಅವನಿಗೆ ಗೊತ್ತಿತ್ತು. ಗೊತ್ತಿದೆ ಎಂಬುದು ಅವಳಿಗೆ ಗೊತ್ತಿರಲಿಲ್ಲ.

ಹೋದ ವಾರ ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು ಹಾರ್ನ್ ರಿಪೇರಿಗೆ ಬಂದಿದ್ದರು. ತೆಳ್ಳಗಿನ, ನಗುಮುಖದ ಮನುಷ್ಯ. ಕಾರಿನ ತಲೆಯ ಮೇಲೆ ಸ್ಕೂಲಿನ ಹಲಗೆ, ಪಕ್ಕದ ಸೀಟಿನ ಕೆಳಗೆ ಇನ್ನೊಂದು ಜೊತೆ ಬ್ರೇಕು ಕ್ಲಚ್ಚು. ಬಲ್ಬಣ್ಣ ಹಾರ್ನಿನ ವೈರು ಸುಲಿಯುತ್ತಿರುವಾಗ ಅವರು, "ಮನೆಯವರು ಟೆಸ್ಟ್ ಪಾಸಾದ್ರಲ್ಲ, ಸ್ವೀಟ್ ಎಲ್ಲಿ?" ಅಂದುಬಿಟ್ಟರು. ಯಾರ ಮನೆಯವರು ಎಂದು ಕೇಳಬೇಕಿತ್ತು. ಕೇಳುವಷ್ಟರಲ್ಲಿ ಮೇಷ್ಟ್ರೇ ಮುಂದುವರಿಸಿದರು: "ಹೊಲಿಗೆ ಮಷಿನ್ ತುಳಿದ ಕಾಲು ಸ್ವಾಮಿ ಅದು. ಕ್ಲಚ್ ಬಿಡೋದು ನೋಡಬೇಕು, ಬೆಣ್ಣೆ. ಟೆಸ್ಟ್ ಮಾಡೋ ಸಾಹೇಬ್ರೇ ಇನ್ನೊಂದು ಸುತ್ತು ಹೋಗೋಣ ಅಂದ್ರು." ಬಲ್ಬಣ್ಣ ನಕ್ಕ. "ಹೌದು ಹೌದು, ಕೊಡಿಸೋಣ" ಎಂದ. ತನ್ನ ಹೆಂಡತಿಯ ಬಗ್ಗೆ ತನಗೆ ಗೊತ್ತಿಲ್ಲದ ಸುದ್ದಿಯನ್ನು ಹೊರಗಿನವನ ಬಾಯಿಂದ ಕೇಳಿ, ಮೊದಲೇ ಗೊತ್ತಿದ್ದವನಂತೆ ತಲೆಯಾಡಿಸುವ ಆ ಗಳಿಗೆಯಲ್ಲಿ ಅವನ ಕೈಯಲ್ಲಿದ್ದ ವೈರು ಬೇಕಾದ್ದಕ್ಕಿಂತ ಜಾಸ್ತಿ ಸುಲಿದುಹೋಯಿತು. ಆಮೇಲೆ ಲೆಕ್ಕ ಹಾಕಿದ. ಮಧ್ಯಾಹ್ನದ ಹೊತ್ತು ಗುಂಡಿ ತರೋಕೆ, ದಾರ ತರೋಕೆ, ಲೈನಿಂಗ್ ಬಟ್ಟೆ ತರೋಕೆ ಎಂದು ಹೋಗುತ್ತಿದ್ದಳಲ್ಲ. ಇಷ್ಟೊಂದು ಗುಂಡಿ ಯಾರ ಅಂಗಿಗೆ ಹೊಲೀತಾಳೆ ಎಂದು ಒಮ್ಮೆಯೂ ಅನ್ನಿಸಿರಲಿಲ್ಲ. ಮದುವೆಯಾಗಿ ದೂರದಲ್ಲಿರುವ ಮಗಳಿಗೆ ಫೋನ್ ಮಾಡಿ ಸುತ್ತಿ ಬಳಸಿ ಕೇಳಿದಾಗ ಅವಳು, "ಅಯ್ಯೋ ಅಪ್ಪ, ಅಮ್ಮ ಕೊನೆಗೂ ಹೇಳಿದ್ಲಾ?" ಎಂದಳು. ಅಂದರೆ ಮಗಳಿಗೂ ಗೊತ್ತು. ಅವನು ಆಗಲೂ ಹೌದು ಹೌದು ಅಂದ.

"ನಾನೇನಾದ್ರೂ ಮಾಡಬೇಕಾ?"

ಅವಳು ಶೆಡ್ಡಿನ ಬಾಗಿಲಲ್ಲಿ ನಿಂತಿದ್ದಳು. ಕತ್ತಿನಲ್ಲಿ ಅಳತೆ ಟೇಪು ಇನ್ನೂ ಹಾಗೇ ಜೋತಾಡುತ್ತಿತ್ತು. ಊರಿಗೆಲ್ಲ ಅವಳು ಟೈಲರಮ್ಮ, ಮನೆಯಲ್ಲೂ ಅವನು ಸಿಟ್ಟಿನಲ್ಲೋ ತಮಾಷೆಯಲ್ಲೋ ಹಾಗೇ ಕರೆಯುತ್ತಿದ್ದ. ಬೇಡ ಎನ್ನಬಹುದಿತ್ತು. ಆದರೆ ಈ ಕೆಲಸಕ್ಕೆ ಎರಡು ಜನ ಬೇಕೇ ಬೇಕು. ಒಬ್ಬರು ಒಳಗೆ ಕೂತು ಸ್ವಿಚ್ಚು ತಿರುಗಿಸಬೇಕು, ಒಬ್ಬರು ಹೊರಗೆ ಬಲ್ಬು ಹಿಡಿಯಬೇಕು. "ಕೂತ್ಕೋ" ಎಂದು ಅವನು ಯಾವ ಸೀಟೆಂದು ಹೇಳದೆ ಗದ್ದದಿಂದ ತೋರಿಸಿದ. ಅವಳು ಬಾಗಿಲು ತೆಗೆದು ಸ್ಟೀರಿಂಗಿನ ಮುಂದೆ ಕೂತಳು. ಕೂತವಳೇ ಸೀಟಿನ ಕೆಳಗೆ ಕೈ ಹಾಕಿ ಕಡ್ಡಿ ಎಳೆದು ಸೀಟನ್ನು ಮುಂದಕ್ಕೆ ಸರಿಸಿಕೊಂಡಳು, ಕನ್ನಡಿಯನ್ನು ಎರಡು ಬೆರಳಿಂದ ತಿರುಗಿಸಿಕೊಂಡಳು. ಎಷ್ಟು ಸಹಜವಾಗಿ ಮಾಡಿದಳೆಂದರೆ ಯಾವುದೋ ಬೇರೆ ಹೆಂಗಸು ತನ್ನ ಕಾರಿನಲ್ಲಿ ಬಂದು ಕೂತಂತೆ ಆಯಿತು ಅವನಿಗೆ. ಇಷ್ಟು ವರ್ಷ ಅವಳನ್ನು ಪಕ್ಕದ ಸೀಟಿನಲ್ಲಿ, ಮಡಿಲಲ್ಲಿ ಚೀಲ ಹಿಡಿದು, ಕಿಟಕಿಯ ಕಡೆ ಮುಖ ಮಾಡಿ ಕೂತದ್ದನ್ನೇ ನೋಡಿದ್ದ; ಅಂದರೆ ನೋಡಿರಲಿಲ್ಲ. ಓಡಿಸುವವನು ರಸ್ತೆ ನೋಡುತ್ತಾನೆ. ಈಗ ಎತ್ತಿದ ಬಾನೆಟ್ಟಿನ ಪಕ್ಕಕ್ಕೆ ಬಂದು ನಿಂತರೆ ಗಾಜಿನ ಆಚೆ ಅವಳ ಮುಖವಿತ್ತು. ಗಾಜಿನ ಧೂಳಿನಿಂದ ಸ್ವಲ್ಪ ಮಂಜಾಗಿ ಕಾಣುತ್ತಿತ್ತು. ಹುಬ್ಬಿನ ಮೇಲೆ ಒಂದು ಸಣ್ಣ ಗಾಯದ ಗುರುತು, ಅದು ಅವಳು ಚಿಕ್ಕವಳಿದ್ದಾಗ ಅಕ್ಕನ ಸೈಕಲ್ಲಿಂದ ಬಿದ್ದದ್ದು.

"ಕೀ ತಿರುಗಿಸು. ಸ್ಟಾರ್ಟ್ ಮಾಡಬೇಡ."

"ಗೊತ್ತು" ಎಂದಳು ಅವಳು.

ಗೊತ್ತು ಎಂಬ ಆ ಮಾತು ಅವನ ಬೆನ್ನಲ್ಲಿ ಎಲ್ಲೋ ಚುಚ್ಚಿತು. ಫ್ಯೂಸಿನ ಎರಡೂ ಕಡೆ ಬಲ್ಬು ಹಿಡಿದ. ಎರಡೂ ಕಡೆ ಉರಿಯಿತು. ಫ್ಯೂಸ್ ಚೆನ್ನಾಗಿದೆ. ಒಳಗೆ ಬಗ್ಗಿ, ಅವಳ ಮೊಣಕಾಲಿಗೆ ತಲೆ ತಾಗದಂತೆ ಕುತ್ತಿಗೆ ತಿರುಚಿ, ಸ್ಟೀರಿಂಗಿನ ಕೆಳಗಿನ ಮುಚ್ಚಳ ಬಿಚ್ಚಿ ಸ್ವಿಚ್ಚಿಗೆ ಹೋಗುವ ವೈರಿಗೆ ಬಲ್ಬು ಹಿಡಿದ. ಅದೂ ಉರಿಯಿತು. ಸ್ವಿಚ್ಚಿನ ತನಕ ಕರೆಂಟು ಬರುತ್ತಿದೆ. ಇಲ್ಲಿಂದ ಮುಂದೆ ನೋಡಬೇಕಾದ್ದು ಸ್ವಿಚ್ಚು ಅದನ್ನು ಆಚೆಗೆ ಬಿಡುತ್ತಿದೆಯೋ ಇಲ್ಲವೋ ಎಂಬುದು. ಅವಳ ಬಟ್ಟೆಯಿಂದ ಇಸ್ತ್ರಿಯ ಬಿಸಿ ವಾಸನೆ ಬರುತ್ತಿತ್ತು. ಹೊಸ ಬಟ್ಟೆ. ಇವತ್ತಿಗೆಂದೇ ಹೊಲಿದುಕೊಂಡಿರಬೇಕು. ಊರವರ ಬಟ್ಟೆಗೆ ಮೊದಲ ಜಾಗ, ತನ್ನದಕ್ಕೆ ಮೂಲೆ ಎಂಬುದರಲ್ಲಿ ಅವಳೂ ಅವನಂತೆಯೇ. ಹಾಗಿರುವಾಗ ತನಗಾಗಿ ಒಂದು ಹೊಲಿದುಕೊಂಡಿದ್ದಾಳೆಂದರೆ ಇದು ಸಣ್ಣ ವಿಷಯವಲ್ಲ. ಅವನು ಹೊರಗೆ ಬಂದು ಗಾಜಿನ ಬುಡದಲ್ಲಿದ್ದ ವೈಪರ್ ಮೋಟಾರಿಗೆ ವೈರುಗಳನ್ನು ಜೋಡಿಸುವ ಕಪ್ಲರ್ ಕಿತ್ತ. ವೈರುಗಳ ಗೊಂಚಲು ಕೈಗೆ ಬಂತು.

"ಈಗ ವೈಪರ್ ಕಡ್ಡಿ ಒಂದು ಮನೆ ಕೆಳಗೆ ತಗೋ. ನಿಧಾನಕ್ಕೆ ಒರೆಸೋದು."

"ತಗೊಂಡೆ."

ಬಲ್ಬು ಉರಿಯಿತು.

"ಜೋರು."

"ಹ್ಞೂಂ."

ಪಕ್ಕದ ವೈರಿಗೆ ಹಿಡಿದ, ಉರಿಯಿತು. "ಈಗ ಆ ಇನ್ನೊಂದು, ಅದು, ಒಂದು ಸಲ ಒರೆಸಿ ನಿಲ್ಲೋದು..."

"ಬಿಟ್ಟು ಬಿಟ್ಟು ಒರೆಸೋದು" ಎಂದು ಅವಳೇ ಹೆಸರಿಟ್ಟಳು. ಡ್ಯಾಶಿನೊಳಗಿಂದ ಟಿಕ್ ಎಂದಿತು, ಬಲ್ಬು ಹೊತ್ತಿ ಆರಿತು, ಸ್ವಲ್ಪ ತಡೆದು ಮತ್ತೆ ಟಿಕ್ ಎಂದು ಹೊತ್ತಿತು. ಇಬ್ಬರೂ ಆ ಪುಟ್ಟ ಬೆಳಕನ್ನು ಗಾಜಿನ ಎರಡು ಕಡೆಯಿಂದ ನೋಡುತ್ತಿದ್ದರು. "ಕೆಲಸ ಮಾಡ್ತಿದೆ ಅಲ್ವಾ? ಅಂದ್ರೆ ಸ್ವಿಚ್ ಸರಿ ಇದೆ" ಎಂದಳು ಅವಳು. ಅವನು ಹ್ಞೂಂ ಎಂದ. ಈ ದನಿಯಲ್ಲಿ ಅವಳು ಮಾತಾಡಿ ಎಷ್ಟು ದಿನವಾಗಿತ್ತು. ಹೊಸದೇನನ್ನೋ ನೋಡುವಾಗ ಅವಳ ದನಿ ಸ್ವಲ್ಪ ಮೇಲೇರುತ್ತದೆ, ಮದುವೆಯಾದ ಹೊಸದರಲ್ಲಿ ಎಲ್ಲವನ್ನೂ ಹಾಗೇ ಕೇಳುತ್ತಿದ್ದಳು: ಇದೇನು, ಅದೇನು, ಇದನ್ನು ಮುಟ್ಟಿದರೆ ಶಾಕ್ ಹೊಡೆಯುತ್ತಾ. ಅವನು ಹೇಳಿಕೊಡುತ್ತಿದ್ದ. ಯಾವಾಗಲೋ ಹೇಳಿಕೊಡುವುದು ನಿಂತಿತು. ಅವಳು ಕೇಳುವುದನ್ನು ನಿಲ್ಲಿಸಿದ್ದಕ್ಕೆ ನಿಂತಿತೋ, ಇವನು ನಿಲ್ಲಿಸಿದ್ದಕ್ಕೆ ಅವಳು ಕೇಳುವುದನ್ನು ಬಿಟ್ಟಳೋ.

ಅದನ್ನು ಯೋಚಿಸಲು ಹೋದರೆ ಅವನ ಮನಸ್ಸು ಹೋಗಿ ನಿಲ್ಲುವುದು ಒಂದೇ ಕಡೆ. ಒಂದು ಸಂಜೆ ಇದೇ ಶೆಡ್ಡಿನಲ್ಲಿ ಗಿರಾಕಿಗಳು ಸ್ಟೂಲು ಟೈರುಗಳ ಮೇಲೆ ಕೂತಿದ್ದರು. ಯಾರದೋ ಮಗಳು ಕಾರು ಕಲಿತ ಮಾತು ಬಂತು. ಹಿಂದಿನ ರಾತ್ರಿ ಊಟದ ಹೊತ್ತಿಗೆ ಅವಳು, ನಾನೂ ಕಲೀಲಾ ಎಂದು ಕೇಳಿದ್ದಳು. ಅವನು ಕೆಮ್ಮು ಬರುವಷ್ಟು ನಕ್ಕಿದ್ದ. ಅದನ್ನೇ ಗಿರಾಕಿಗಳ ಮುಂದೆ ಇನ್ನಷ್ಟು ರಂಗುಹಚ್ಚಿ ಹೇಳಿದ: "ನಮ್ಮನೇಲೂ ಒಬ್ಬಳು ಹೊರಟಿದ್ದಾಳಪ್ಪ. ಅವಳು ಕಾರು ಹಿಡಿದ್ರೆ ರಸ್ತೆ ತುಂಬ ಜಿಗ್‌ಜಾಗ್ ಹೊಲಿಗೆ." ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಒಳ್ಳೆಯ ತಮಾಷೆಯೇ, ಅವನಿಗೂ ಖುಷಿಯಾಗಿತ್ತು. ನಗು ಇಳಿಯುವ ಹೊತ್ತಿಗೆ ಹಿಂದಿನಿಂದ ಗಾಜಿನ ಲೋಟಗಳ ಸದ್ದಾಯಿತು. ಅವಳು ಎಲ್ಲರಿಗೂ ಟೀ ತಂದಿದ್ದಳು. ಒಬ್ಬೊಬ್ಬರ ಮುಂದೂ ತಟ್ಟೆ ಹಿಡಿದು, ಸಕ್ಕರೆ ಸರಿಯಿದೆಯಾ ಎಂದು ಕೇಳಿ, ಇವನ ಲೋಟವನ್ನೂ ಕೈಗೇ ಕೊಟ್ಟು ಒಳಗೆ ಹೋದಳು. ಬೈದಿದ್ದರೆ ಆಗುತ್ತಿತ್ತು. ಅತ್ತಿದ್ದರೂ ಆಗುತ್ತಿತ್ತು. ಆ ಟೀಗೆ ಸಕ್ಕರೆ ಸರಿಯಾಗಿಯೇ ಇತ್ತು, ಅದೇ ಅವನಿಗೆ ಮರೆಯಲಾಗದ್ದು.

ಮುಖಕ್ಕೆ ರಪ್ಪೆಂದು ನೀರು ಬಡಿಯಿತು.

ಎತ್ತಿದ ಬಾನೆಟ್ಟಿನ ಪಕ್ಕದಿಂದ ಬಗ್ಗಿ ಗಾಜಿನ ಹತ್ತಿರ ಮುಖ ತಂದಿದ್ದವನಿಗೆ ಏನಾಯಿತೆಂದು ತಿಳಿಯಲು ಕಣ್ಣೇ ಬಿಡಲಾಗಲಿಲ್ಲ. ಸೋಪಿನ ನೀರು, ಒಂದು ಸಲ ಎಡಗೆನ್ನೆಗೆ, ಇನ್ನೊಂದು ಸಲ ಹಣೆಗೆ, ಕೊನೆಯದು ಮೂಗಿನೊಳಕ್ಕೇ. ಅಂಗಿಯ ತೋಳಿನಿಂದ ಒರೆಸಿಕೊಂಡು ನೋಡಿದರೆ ಗಾಜಿನ ಆಚೆ ಅವಳು ಬಾಯಿಗೆ ಕೈ ಅಡ್ಡ ಹಿಡಿದುಕೊಂಡಿದ್ದಳು. "ತಪ್ಪಿ ಎಳೆದುಬಿಟ್ಟೆ. ಇದು ನೀರು ಹೊಡೆಯೋದು ಅಂತ..." ಎಂದು ಏನೋ ಹೇಳಹೋದಳು, ಹೇಳಲಾಗಲಿಲ್ಲ. ಭುಜ ಕುಲುಕಿತು, ತಲೆ ಸ್ಟೀರಿಂಗಿಗೆ ತಾಗಿ ಹಾರ್ನು ಪೀ ಎಂದಿತು, ಆ ಹಾರ್ನಿಗೆ ಅವಳೇ ಬೆಚ್ಚಿ ಮತ್ತೂ ನಕ್ಕಳು. ಕಣ್ಣಲ್ಲಿ ನೀರು ಬರುವ ತನಕ, ಅಳತೆ ಟೇಪು ಜಾರಿ ಕೆಳಗೆ ಬೀಳುವ ತನಕ ನಕ್ಕಳು. ಬಲ್ಬಣ್ಣನ ಗದ್ದದಿಂದ ನೊರೆ ತೊಟ್ಟಿಕ್ಕುತ್ತಿತ್ತು. ಸಿಟ್ಟು ಬರಬೇಕಾದ ಜಾಗದಲ್ಲಿ ಏನೋ ಸಡಿಲವಾಗಿ, ಅವನಿಗೂ ಹೊಟ್ಟೆಯೊಳಗಿಂದ ನಗು ಒದ್ದುಕೊಂಡು ಬಂತು. ನನ್ನನ್ನು ನೋಡಿ ಇವಳು ಹೀಗೆ ನಗುವುದೊಂದು ಬಾಕಿಯಿತ್ತು, ಅದು ಈಗ ತೀರಿತು ಅನ್ನಿಸಿತು. "ನೀರಿನ ಪಂಪು ಚೆನ್ನಾಗಿದೆ ಬಿಡು" ಎಂದ ಮುಖ ಒರೆಸಿಕೊಳ್ಳುತ್ತ, ಗಂಭೀರವಾಗಿ. ಅದಕ್ಕೂ ಅವಳು ನಕ್ಕಳು.

ಹಾಗಾದರೆ ತೊಂದರೆ ಇರುವುದು ಮೋಟಾರಿನ ಕಡೆ. ಕರೆಂಟು ಮೋಟಾರಿನ ಬಾಗಿಲ ತನಕ ಬರುತ್ತಿದೆ, ಮೋಟಾರು ಏಳುತ್ತಿಲ್ಲ. ಕರೆಂಟು ಬಂದರೆ ಸಾಲದು, ಅದು ಮೋಟಾರಿನೊಳಗೆ ಹೋಗಿ ಕಾರಿನ ಮೈಗೆ ವಾಪಸು ಇಳಿಯಬೇಕು. ಆ ಇಳಿಯುವ ದಾರಿಗೇ ಗ್ಯಾರೇಜಿನವರೆಲ್ಲ ಅರ್ಥ್ ಅನ್ನುವುದು. ಅವನು ಬಲ್ಬಿನ ಕ್ಲಿಪ್ಪನ್ನು ಕಾರಿನ ಮೈಯಿಂದ ತೆಗೆದು ಮೋಟಾರಿನ ಅರ್ಥ್ ವೈರಿಗೆ ಕಚ್ಚಿಸಿ ಮತ್ತೆ ನೋಡಿದ. ಬಲ್ಬು ಉರಿಯಲಿಲ್ಲ. ಆ ವೈರನ್ನು ಬೆರಳಿಂದ ಹಿಂಬಾಲಿಸಿ ಹೋದರೆ, ತುದಿಯ ಬೋಲ್ಟು ಹಸಿರು ಕಿಲುಬು ಹಿಡಿದು ಕೂತಿತ್ತು. ಬಿಚ್ಚಿ ಉಜ್ಜಿ ಬಿಗಿದರೆ ಮುಗಿಯಿತು. ಒಂದು ಲೋಟ ಟೀ ಆರುವಷ್ಟು ಹೊತ್ತಿನ ಕೆಲಸ. ಬಲ್ಬಣ್ಣ ತಲೆ ಎತ್ತಿದ. ಗುಡ್ಡದ ಕಡೆ ಮೋಡ ಕಪ್ಪಾಗಿ ಇಳಿದಿತ್ತು. ಅಲ್ಲಿ ರಸ್ತೆ ಹೇಗೆ ತಿರುಗುತ್ತದೆಂದು ಅವನಿಗೆ ಗೊತ್ತು; ಒಂದು ಕಡೆ ಬಂಡೆ, ಇನ್ನೊಂದು ಕಡೆ ಏನೂ ಇಲ್ಲ. ಎದುರಿಂದ ಲಾರಿ ಬಂದರೆ ಇವಳೇನು ಮಾಡುತ್ತಾಳೆ. ಅದು ನಿಜವಾದ ಭಯವೇ. ಆದರೆ ಭಯದ ಅಡಿಯಲ್ಲಿ ಇನ್ನೊಂದಿತ್ತು, ಅದನ್ನು ಅವನು ನೋಡದಿರಲು ಪ್ರಯತ್ನಪಟ್ಟ: ಇವತ್ತು ಇವಳು ಹೋಗಿ ಬಂದುಬಿಟ್ಟರೆ, ಇನ್ನು ಮೇಲೆ ಕರ್ಕೊಂಡು ಹೋಗ್ತೀರಾ ಎಂದು ಯಾರೂ ಅವನನ್ನು ಕೇಳುವುದಿಲ್ಲ. ಆಗಲ್ಲ ಅನ್ನುವುದಕ್ಕೆ ಅವನಿಗೆ ಯಾರೂ ಇರುವುದಿಲ್ಲ.

"ಏನು, ಸಿಕ್ತಾ?" ಎಂದು ಅವಳು ಕಿಟಕಿಯಿಂದ ತಲೆ ಹಾಕಿದಳು.

"ಮೋಟಾರ್ ಹೋಗಿದೆ" ಎಂದಿತು ಅವನ ಬಾಯಿ. ಅಷ್ಟು ಸಲೀಸಾಗಿ ಬಂತು ಅದು. "ಕರೆಂಟ್ ಬರ್ತಿದೆ, ನೀನೇ ನೋಡಿದೆಯಲ್ಲ. ಮೋಟಾರೇ ತಿರುಗ್ತಿಲ್ಲ. ಹೊಸದು ತರಿಸಬೇಕು."

"ಇವತ್ತು ಆಗಲ್ವಾ?"

"ಎಲ್ಲಿ ಆಗುತ್ತೆ. ಹಳೇ ಮಾಡೆಲ್ಲು."

ಅವಳು ಒಂದು ಕ್ಷಣ ಸ್ಟೀರಿಂಗಿನ ಮೇಲೆ ಇಟ್ಟ ಕೈಗಳನ್ನೇ ನೋಡಿದಳು. "ಆಯ್ತು ಬಿಡಿ" ಎಂದು ಕೀ ಹಿಂದಕ್ಕೆ ತಿರುಗಿಸಿ, ಬಿದ್ದಿದ್ದ ಟೇಪನ್ನು ಎತ್ತಿ ಸುತ್ತಿಕೊಳ್ಳುತ್ತ ಇಳಿದು ಒಳಗೆ ಹೋದಳು. ಕಾರಿನ ಬಾಗಿಲನ್ನು ಮೆತ್ತಗೆ ಹಾಕಿದಳು. ಗಿರಾಕಿಗಳಿಗೆ ಎಷ್ಟು ಹೇಳಿದರೂ ಬರದ ಅಭ್ಯಾಸ ಅದು, ಬಾಗಿಲು ಮೆತ್ತಗೆ ಹಾಕುವುದು.

ಅಡುಗೆಮನೆಯ ಕಿಟಕಿ ಶೆಡ್ಡಿಗೇ ತೆರೆಯುತ್ತದೆ. ಅವನು ಸ್ಪ್ಯಾನರನ್ನು ಸುಮ್ಮನೆ ಕೈಯಿಂದ ಕೈಗೆ ಬದಲಾಯಿಸುತ್ತ ನಿಂತಿದ್ದಾಗ ಅವಳು ಅಕ್ಕನಿಗೆ ಫೋನ್ ಮಾಡುವುದು ಕೇಳಿಸಿತು. "ಇವತ್ತು ಬರೋಕೆ ಆಗಲ್ಲ ಕಣೆ ಅಕ್ಕ... ಏನಿಲ್ಲ, ವೈಪರ್ ಮೋಟಾರ್ ಹೋಗಿದೆಯಂತೆ. ಮಳೆ ಬರೋ ಹಾಗಿದೆ... ಛೆ, ಅವರನ್ನ ಯಾಕೆ ಬಯ್ತೀಯ, ಬೆಳಿಗ್ಗೆಯಿಂದ ಒದ್ದಾಡ್ತಿದ್ದಾರೆ ಪಾಪ. ಮುಖಕ್ಕೆಲ್ಲ ಸೋಪು ನೀರು ಬೇರೆ ಹೊಡೆದೆ ನಾನು." ಇಲ್ಲಿ ಅವಳು ಮತ್ತೆ ನಕ್ಕಳು. ಆಮೇಲೆ ಸ್ವಲ್ಪ ಹೊತ್ತು ಆ ಕಡೆಯ ಮಾತು ಕೇಳಿಸಿಕೊಂಡಳು. "ಬೇರೆಯವರಿಗೆ ತೋರಿಸೋದು ಯಾಕೆ? ಇವರೇ ಹೋಗಿದೆ ಅಂದ ಮೇಲೆ ನಿಜವಾಗ್ಲೂ ಹೋಗಿರುತ್ತೆ. ಇವರ ಕೈಲಿ ಆಗದೇ ಇದ್ದದ್ದು ಇನ್ಯಾರ ಕೈಲೂ ಆಗಲ್ಲ... ಹ್ಞೂಂ, ನನಗೂ ಆಸೆ ಇತ್ತು. ನೀನು ನನ್ನನ್ನ ನಿನ್ನ ಸೈಕಲ್ ಮೇಲೆ ಕೂರಿಸ್ಕೊಂಡು ಊರೆಲ್ಲ ಸುತ್ತಿಸಿದ್ದೆ. ಇವತ್ತು ನಿನ್ನ ಕೂರಿಸ್ಕೊಂಡು ಸುತ್ತಿಸೋಣ ಅಂತಿದ್ದೆ. ಇರಲಿ, ಇನ್ನೊಂದು ದಿನ."

ಬಲ್ಬಣ್ಣನ ಕಿವಿ ಬಿಸಿಯಾಯಿತು. ಶೆಡ್ಡಿನ ಎಲ್ಲ ಸಾಮಾನುಗಳು, ಗೋಡೆಗೆ ನೇತುಹಾಕಿದ ವೈರಿನ ಸುರುಳಿಗಳು, ಕೆಟ್ಟ ಡೈನಮೋಗಳು, ಒಡೆದ ಹೆಡ್‌ಲೈಟುಗಳು ತನ್ನನ್ನೇ ನೋಡುತ್ತಿರುವಂತೆ ಆಯಿತು. ಅವಳು ಬೈದಿದ್ದರೆ ಈ ಸುಳ್ಳು ಇನ್ನೂ ಸ್ವಲ್ಪ ಹೊತ್ತು ನಿಲ್ಲುತ್ತಿತ್ತೇನೋ. ಇಷ್ಟು ನಂಬಿಕೆಯ ಕೆಳಗೆ ಅದು ಉಸಿರುಕಟ್ಟಿ ಒದ್ದಾಡಿತು. ಅವನು ಕಿಟಕಿಯ ಹತ್ತಿರ ಹೋಗಿ ಸರಳು ಹಿಡಿದುಕೊಂಡು, "ಫೋನ್ ಇಡಬೇಡ" ಎಂದ.

ಅವಳು ಫೋನನ್ನು ಎದೆಗೆ ಒತ್ತಿಕೊಂಡು ತಿರುಗಿದಳು.

"ಬರ್ತೀನಿ ಅಂತ ಹೇಳು. ಊಟ ಅಲ್ಲೇ ಅಂತ ಹೇಳು."

"ಮೋಟಾರ್ ಹೋಗಿದೆ ಅಂದ್ರಿ."

"ಅಂದೆ."

"ಈಗ?"

"ಈಗ ಹೋಗಿಲ್ಲ" ಎಂದ ಅವನು, ನೆಲ ನೋಡುತ್ತ. "ಅರ್ಥ್ ಇಲ್ಲ, ಅಷ್ಟೆ."

"ಯಾರಿಗೆ?"

"ಮೋಟಾರಿಗೆ."

ಅವಳು ಅವನನ್ನೇ ನೋಡಿದಳು. ಹೊಲಿಗೆ ಎಲ್ಲಿ ಬಿಚ್ಚಿದೆ ಎಂದು ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡುವ ನೋಟ ಅದು. ಅವಳಿಗೆ ತಿಳಿಯಿತು ಎಂಬುದು ಅವನಿಗೂ ತಿಳಿಯಿತು. ಏನೋ ಹೇಳುತ್ತಾಳೆಂದು ಕಾದ. "ನಿಮಗೆ ಅರ್ಥ ಆಗೋ ಹೊತ್ತಿಗೆ ಮಳೆಗಾಲವೇ ಮುಗಿಯುತ್ತೆ ಅಂದ್ಕೊಂಡಿದ್ದೆ" ಎಂದಳು, ಮತ್ತು ಫೋನನ್ನು ಕಿವಿಗೆ ಏರಿಸಿ, "ಅಕ್ಕಾ, ಬರ್ತಿದ್ದೀನಿ ಕಣೆ" ಎಂದಳು.

ಬೋಲ್ಟು ಮೊದಲ ತಿರುವಿಗೆ ಬರಲಿಲ್ಲ. ಎಣ್ಣೆ ಬಿಟ್ಟು, ಉಸಿರು ಬಿಗಿಹಿಡಿದು ತಿರುಗಿಸಿದಾಗ ಕರಕ್ಕೆಂದು ಸಡಿಲವಾಯಿತು. ಎಮರಿ ಪೇಪರಿನಿಂದ ಕಿಲುಬು ಉಜ್ಜಿದ. ಹಸಿರು ಹೋಗಿ ಕಪ್ಪು ಬಂತು, ಕಪ್ಪು ಹೋಗಿ ತಗಡಿನ ಹೊಳಪು ಬಂತು. ಅಷ್ಟು ಉಜ್ಜಬೇಕಾಗಿರಲಿಲ್ಲ, ಆದರೂ ಉಜ್ಜಿದ. ಇನ್ನೆಷ್ಟು ವರ್ಷವಾದರೂ ಇಲ್ಲಿ ಕಿಲುಬು ಕೂರಬಾರದು ಎನ್ನುವವನಂತೆ. ವೈರಿಗೆ ಹೊಸ ತುದಿ ಹಾಕಿ, ಬಿಗಿದು, ಮೇಲೆ ಗ್ರೀಸು ಸವರಿ, ಕಿತ್ತಿದ್ದ ಕಪ್ಲರ್ ಸಿಕ್ಕಿಸಿ ಬಾನೆಟ್ ಇಳಿಸಿದ. ಅವಳು ಬಂದು ಕೂತು ಕೀ ತಿರುಗಿಸಿದಳು. ಅವನು ಹೇಳುವ ಮೊದಲೇ ಕಡ್ಡಿಯನ್ನು ಎಳೆದಳು. ಗಾಜಿನ ಮೇಲೆ ನೀರು ಚಿಮ್ಮಿತು, ಅವನು ಈ ಸಲ ಪಕ್ಕಕ್ಕೆ ಹಾರಿಕೊಂಡ. ವೈಪರುಗಳು ಒಮ್ಮೆ ನಡುಗಿ, ಸೋಮಾರಿಗಳಂತೆ ಎದ್ದು, ನೊರೆಯನ್ನೂ ಎಷ್ಟೋ ದಿನದ ಧೂಳನ್ನೂ ಒಟ್ಟಿಗೆ ತಳ್ಳಿಕೊಂಡು ಹೋದವು. ಮೊದಲ ಸಲಕ್ಕೆ ಗಾಜಿನ ಮೇಲೆ ಕೆಸರಿನ ಬಿಲ್ಲು. ಎರಡನೆಯ ಸಲಕ್ಕೆ ಅವಳ ಹಣೆ. ಮೂರನೆಯದಕ್ಕೆ ಇಡೀ ಮುಖ, ನಗುತ್ತಿರುವ ಮುಖ, ಇಷ್ಟು ಸ್ಪಷ್ಟವಾಗಿ ಅವನು ಅದನ್ನು ಎಂದಾದರೂ ನೋಡಿದ್ದನೋ ಇಲ್ಲವೋ.

"ಬ್ರೇಕ್ ಹೇಗಿದೆ ಅಂತ ಒಂದು ಸಲ ನೋಡಬೇಕು. ನಾನೂ ಚೌಕದ ತನಕ ಬರ್ತೀನಿ" ಎಂದ ಅವನು ಕೈ ಒರೆಸಿಕೊಳ್ಳುತ್ತ. ಬ್ರೇಕಿಗೂ ಅವನಿಗೂ ಸಂಬಂಧವಿಲ್ಲ, ಅವನದು ಬರೀ ವೈರಿಂಗು. ಅದು ಅವಳಿಗೂ ಗೊತ್ತು.

"ಚೌಕದ ತನಕ. ಅಲ್ಲಿ ಇಳೀಬೇಕು."

"ಇಳೀತೀನಿ."

"ಮಾತಾಡಬಾರದು."

"ಇಲ್ಲ."

ಪಕ್ಕದ ಸೀಟಿನಲ್ಲಿ ಕೂತ. ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಸೀಟಿನ ಮೇಲೆ ಅವಳ ಚೀಲವಿತ್ತು, ಅದನ್ನೇ ಮಡಿಲಲ್ಲಿಟ್ಟು ಹಿಡಿದುಕೊಂಡ. ಕಾರು ಒಂದಿಷ್ಟೂ ಜಗ್ಗದೆ ಶೆಡ್ಡಿನಿಂದ ಹೊರಟಿತು. ಮೇಷ್ಟ್ರು ಹೇಳಿದ್ದು ಸುಳ್ಳಲ್ಲ, ಅವಳ ಕಾಲು ಕ್ಲಚ್ಚನ್ನು ಬಿಡುತ್ತಿರಲಿಲ್ಲ, ಮೆತ್ತಗೆ ಮೇಲಕ್ಕೆ ಎಬ್ಬಿಸುತ್ತಿತ್ತು. ಬೇಕರಿಯ ತಿರುವಿನಲ್ಲಿ ಒಂದು ನಾಯಿ ಅಡ್ಡ ಬಂದಾಗ ಇವನ ಬಲಗಾಲು ಇಲ್ಲದ ಬ್ರೇಕನ್ನು ಪೂರ್ತಿ ತುಳಿದು ಮ್ಯಾಟನ್ನು ಸುಕ್ಕು ಮಾಡಿತು. ಅಷ್ಟರಲ್ಲಿ ಅವಳು ಇದ್ದ ಬ್ರೇಕನ್ನು ಬೇಕಾದಷ್ಟೇ ತುಳಿದು, ನಾಯಿ ದಾಟುವ ತನಕ ಕಾದು, ಹೊರಟಾಗಿತ್ತು. "ಮ್ಯಾಟ್ ಸರಿ ಮಾಡಿ" ಎಂದಳು ರಸ್ತೆಯಿಂದ ಕಣ್ಣು ತೆಗೆಯದೆ. ಅವನು ಬಗ್ಗಿ ಸರಿಮಾಡಿದ. ಏಳುವಷ್ಟರಲ್ಲಿ ದಪ್ಪ ದಪ್ಪ ಹನಿ ಬಿದ್ದವು. ಹೇಳಬಾರದು, ಹೇಳಬಾರದು ಎಂದು ಅವನು ತುಟಿ ಕಚ್ಚಿಕೊಂಡ. ಅವಳ ಬೆರಳು ತಾನಾಗಿ ಕಡ್ಡಿಗೆ ಹೋಯಿತು. ಬಿಟ್ಟು ಬಿಟ್ಟು ಒರೆಸುವುದು. ಹನಿ ಹೆಚ್ಚಾದಾಗ ನಿಧಾನ. ಮಳೆ ಸುರಿಯತೊಡಗಿದಾಗ ಜೋರು, ಮತ್ತು ಜೊತೆಗೆ ದೀಪ.

"ಮೊದಲೇ ಹೇಳಿದ್ರೆ ನಗ್ತಿದ್ರಿ" ಎಂದಳು ಅವಳು, ಕೇಳದೆಯೇ.

"ನಗ್ತಿದ್ದೆ."

"ಅದಕ್ಕೇ, ಕಲಿತ ಮೇಲೆ ಹೇಳೋಣ ಅಂತ."

ಚೌಕಕ್ಕೆ ಮುಂಚಿನ ಏರಿನಲ್ಲಿ ಕೆಂಪು ದೀಪ ಬಿತ್ತು. ಕಾರು ಏರಿನ ಮಧ್ಯದಲ್ಲೇ ನಿಂತಿತು, ಹಿಂದೆ ಒಂದು ಬಸ್ಸು ಮೈಗೆ ಮೈ ತಾಗುವಂತೆ ಬಂದು ನಿಂತು ಬುಸುಗುಟ್ಟಿತು. ಈ ಏರಿನಲ್ಲಿ ಎಷ್ಟೋ ಜನ ಹಿಂದಕ್ಕೆ ಜಾರಿ ಒಡೆದುಕೊಂಡ ಹೆಡ್‌ಲೈಟುಗಳನ್ನು ಅವನೇ ಬದಲಾಯಿಸಿಕೊಟ್ಟಿದ್ದ. ಚೀಲವನ್ನು ಎದೆಗವಚಿಕೊಂಡು ಕಣ್ಣು ಮುಚ್ಚಿದ. ಮುಚ್ಚಿದ ಕಣ್ಣಿನೊಳಗೆ ಇಂಜಿನ್ನಿನ ದನಿ ಸ್ವಲ್ಪ ಗಟ್ಟಿಯಾದದ್ದು, ಹ್ಯಾಂಡ್‌ಬ್ರೇಕು ಟಕ್ಕೆಂದು ಇಳಿದದ್ದು, ಕಾರಿನ ಮೈ ಒಮ್ಮೆ ಬಿಗಿದು ಮೇಲಕ್ಕೆ ನಡೆದದ್ದು ತಿಳಿಯಿತು. ಹಿಂದಕ್ಕೆ ಒಂದು ಕೂದಲಿನಷ್ಟೂ ಜಾರಲಿಲ್ಲ. ಕಣ್ಣು ತೆರೆದಾಗ ಚೌಕ ಬಂದಿತ್ತು. ಅವಳು ಪಕ್ಕಕ್ಕೆ ತೆಗೆದು ನಿಲ್ಲಿಸಿ ಅವನ ಕಡೆ ನೋಡುತ್ತಿದ್ದಳು.

"ಬ್ರೇಕ್ ಹೇಗಿದೆ?" ಎಂದು ಕೇಳಿದಳು.

"ಚೆನ್ನಾಗಿದೆ" ಎಂದು ಅವನು ಚೀಲವನ್ನು ಸೀಟಿನ ಮೇಲಿಟ್ಟು ಇಳಿದ. ಛತ್ರಿ ತಂದಿಲ್ಲವೆಂದು ಇಬ್ಬರಿಗೂ ನೆನಪಾದದ್ದು ಅವನು ಬಾಗಿಲು ಹಾಕಿದ ಮೇಲೆ. ಅವಳು ಒಳಗಿಂದ ಏನೋ ಸನ್ನೆ ಮಾಡಿದಳು, ಅವನು ಹೋಗು ಹೋಗು ಎಂದು ಕೈಯಾಡಿಸಿದ. ಕಾರು ಗುಡ್ಡದ ರಸ್ತೆಗೆ ತಿರುಗಿತು. ತಿರುಗುವ ಮೊದಲು ಸಿಗ್ನಲ್ ದೀಪ ಹಾಕಿದಳು, ಹಿಂದೆ ಯಾರೂ ಇಲ್ಲದಿದ್ದರೂ. ಮಳೆಯ ಪರದೆಯೊಳಗೆ ಕೆಂಪು ದೀಪಗಳೆರಡು ಚಿಕ್ಕವಾಗುತ್ತ ಮರೆಯಾಗುವ ತನಕ ಬಲ್ಬಣ್ಣ ರಸ್ತೆಯ ಪಕ್ಕ ನಿಂತಿದ್ದ. ಮನೆಯ ಕಡೆ ನಡೆಯತೊಡಗಿದ. ಅಂಗಿ ಮೈಗಂಟಿತು, ಚಪ್ಪಲಿ ಪಚಪಚ ಎಂದಿತು, ಸೋಪಿನ ನೀರು ಒಣಗಿ ಬಿಗಿದಿದ್ದ ಮುಖವನ್ನು ಮಳೆ ತೊಳೆಯಿತು. ಅಂಗಡಿಗಳ ಸೂರಿನ ಕೆಳಗೆ ನಿಂತ ಜನ ಅವನನ್ನು ಹುಚ್ಚನಂತೆ ನೋಡಿದರು. ಅವನು ಸೂರಿನ ಕೆಳಗೆ ಸೇರಲಿಲ್ಲ, ಬೇಕೆಂದೇ ರಸ್ತೆಯ ನಡುವೆ ನಡೆದ.

ಬೀದಿಯ ತುದಿಯ ಟೀ ಅಂಗಡಿಗೆ ಬರುವ ಹೊತ್ತಿಗೆ ಅವನಿಗೆ ಯಾರಿಗಾದರೂ ಹೇಳದಿದ್ದರೆ ಆಗುವುದೇ ಇಲ್ಲ ಎನ್ನುವಂತಾಗಿತ್ತು. "ಏನ್ ಬಲ್ಬಣ್ಣ, ನೆಂದು ತೊಪ್ಪೆಯಾಗಿದ್ದೀರಿ" ಎಂದ ಅಂಗಡಿಯವನು. "ಕಾರು ಮನೇಲಿ ಇಲ್ಲ" ಎಂದು ಬಲ್ಬಣ್ಣ ಶುರುಮಾಡಿದ. "ಗೊತ್ತು, ಟೈಲರಮ್ಮ ತಗೊಂಡು ಹೋದ್ರು. ಹೋಗ್ತಾ ನನಗೆ ಹಾರ್ನ್ ಹೊಡೆದ್ರು. ನೀವು ಪಕ್ಕದಲ್ಲಿ ಚೀಲ ಹಿಡ್ಕೊಂಡು ಕೂತಿದ್ರಲ್ಲ" ಎಂದು ಅವನು ಹಾಲು ಉಕ್ಕದಂತೆ ಸೌಟಾಡಿಸಿದ. ಬಲ್ಬಣ್ಣನ ಉತ್ಸಾಹಕ್ಕೆ ತಣ್ಣೀರು ಬಿತ್ತು. ಟೀ ಹಿಡಿದು ಬೆಂಚಿನ ತುದಿಗೆ ಕೂತ. ಇನ್ನೊಂದು ತುದಿಯಲ್ಲಿ ಈ ಕಡೆಯವನಲ್ಲದ ಒಬ್ಬ ಮನುಷ್ಯ ತಲೆಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಮಳೆ ನಿಲ್ಲಲೆಂದು ಕಾಯುತ್ತಿದ್ದ.

"ಇದು ಬೇಗ ನಿಲ್ಲೋ ಹಾಗೆ ಕಾಣಲ್ಲ. ನಿಮಗೂ ಗಾಡಿ ಇಲ್ವಾ?" ಎಂದು ಅವನು ಮಾತಿಗೆ ಮಾತೆಂಬಂತೆ ಕೇಳಿದ.

"ಇದೆ. ಹೆಂಡತಿ ತಗೊಂಡು ಹೋಗಿದ್ದಾಳೆ."

ಆ ಮನುಷ್ಯ ತಲೆಯಾಡಿಸಿ ಮತ್ತೆ ಮಳೆಯ ಕಡೆ ತಿರುಗಿದ. ಬಲ್ಬಣ್ಣ ಟೀಯನ್ನು ಒಂದು ಗುಟುಕು ಕುಡಿದ, ಲೋಟ ಕೆಳಗಿಟ್ಟ, ಗಂಟಲು ಸರಿಮಾಡಿಕೊಂಡ.

"ಗುಡ್ಡದ ರಸ್ತೇಲಿ" ಎಂದ. "ಒಬ್ಬಳೇ."

"ಈ ಮಳೇಲಾ?" ಎಂದು ಆ ಮನುಷ್ಯ ಪೂರ್ತಿ ಈ ಕಡೆ ತಿರುಗಿದ.

ಬಲ್ಬಣ್ಣ ಬೆಂಚಿನ ಮೇಲೆ ಅವನ ಹತ್ತಿರಕ್ಕೆ ಸರಿದು ಕೂತು, ಅಂಗಡಿಯವನಿಗೆ ಇನ್ನೆರಡು ಟೀ ಹೇಳಿದ.